ಸೋರುವ ಮಾಳಿಗೆ, ಭಾರದ ಮಾಳಿಗೆ: ಆರು ದಿನದ ಮಳೆಯಲ್ಲಿ ಒಂದು ಮಣ್ಣಿನ ಮನೆ

ಚಿತ್ರದುರ್ಗ ಜಿಲ್ಲೆಯ ಪೂರ್ವ ಭಾಗದ ಒಂದು ಹಳ್ಳಿಯಲ್ಲಿ 2021ರ ನವೆಂಬರ್ ತಿಂಗಳಲ್ಲಿ ನಡೆದದ್ದು ಇದು. ಮನೆಯವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಊರಿನ ಹೆಸರು, ಮನೆತನದ ಹೆಸರು ಹೇಳುವುದಿಲ್ಲ. ಗುರುತು ಸಿಗಬಹುದಾದ ಒಂದೆರಡು ವಿವರಗಳನ್ನು ಬದಲಿಸಿದ್ದೇನೆ. ನಾನು ಸಿವಿಲ್ ಡಿಪ್ಲೊಮಾ ಓದಿ ಈ ಭಾಗದಲ್ಲಿಯೇ ಮನೆ ಕಟ್ಟಿಸುವ, ಹಳೆಯ ಮನೆಗಳ ದುರಸ್ತಿ ಮಾಡಿಸುವ ಕೆಲಸದಲ್ಲಿದ್ದೇನೆ. ಹುಟ್ಟಿ ಬೆಳೆದದ್ದೂ ಮಾಳಿಗೆ ಮನೆಯಲ್ಲಿಯೇ, ಅಂದರೆ ಮೇಲೆ ಮಣ್ಣು ಹರಡಿದ ಸಪಾಟು ಚಾವಣಿಯ ಮನೆಯಲ್ಲಿ. ಆದರೂ ಈ ಒಂದು ಮನೆ ನನಗೆ ಕಲಿಸಿದ್ದನ್ನು ಕಾಲೇಜು ಕಲಿಸಿರಲಿಲ್ಲ.

ಮನೆ ಮತ್ತು ಮನೆಯವರು

ವರ್ಷಕ್ಕೆ 500 ಮಿಲಿಮೀಟರ್ ಆಸುಪಾಸು ಮಳೆ ಕಾಣುವ ಸೀಮೆ ನಮ್ಮದು. ಬಿಸಿಲಿಗೆ ತಕ್ಕಂತೆ ಕಟ್ಟಿದ ಮನೆಗಳು. ಕೆಳಗೆ ಮೊಣಕಾಲಿನ ಮಟ್ಟಕ್ಕೆ ಕಲ್ಲು, ಮೇಲೆ ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆ. ಗೋಡೆಯಿಂದ ಕಂಬದ ತಲೆಯ ಮೇಲಿನ ಬೋದಿಗೆಗೆ ದಪ್ಪನೆಯ ತೊಲೆ, ತೊಲೆಯ ಮೇಲೆ ಅಡ್ಡಲಾಗಿ ಬೇವಿನ ಸಣ್ಣ ಮರಗಳ ಜಂತೆ, ಜಂತೆಯ ಮೇಲೆ ಸೀಳಿದ ಕಟ್ಟಿಗೆ, ಅದರ ಮೇಲೆ ಬಂದರಿಕೆ ಸೊಪ್ಪಿನ ಹಾಸು, ಅದರ ಮೇಲೆ ಮಣ್ಣು. ಎಲ್ಲಕ್ಕಿಂತ ಮೇಲೆ ಕರಲು ಮಣ್ಣು. ಬೇಸಾಯಕ್ಕೆ ಬಾರದ ಈ ಮಣ್ಣಿನಲ್ಲಿ ಸೋಡಿಯಂ ಲವಣ ಹೆಚ್ಚು. ನೀರು ಬಿದ್ದಾಗ ಜೇಡಿಯ ಕಣಗಳು ಬಿಡಿಬಿಡಿಯಾಗಿ ಹರಡಿ ಸಣ್ಣ ರಂಧ್ರಗಳನ್ನೆಲ್ಲ ಮುಚ್ಚಿಬಿಡುತ್ತವೆ, ಹಾಗಾಗಿ ನೀರು ಒಳಗೆ ಇಳಿಯದೆ ಮೇಲೆಯೇ ಜಾರಿ, ಮಾಳಿಗೆಯ ಅಂಚಿನ ನೀರು ಹೋಗುವ ದೋಣಿಯಿಂದ ಹೊರಗೆ ಬೀಳುತ್ತದೆ. ಬೇಸಿಗೆಯಲ್ಲಿ ಒಣ ಮಣ್ಣು ಹರಡಿ, ಚಿಮುಕಿಸಿ, ಬಡಿದು ಕೂರಿಸಿದರೆ ಮುಂಗಾರು ಹಿಂಗಾರು ಎರಡನ್ನೂ ತಡೆಯುತ್ತದೆ. ಇದನ್ನು ಕಂಡುಕೊಂಡ ನಮ್ಮ ಹಿರಿಯರ ಬಗ್ಗೆ ನನಗೆ ಅಪಾರ ಗೌರವವಿದೆ.

ಮನೆಯಲ್ಲಿದ್ದವರು ಆರು ಜನ. ಎಪ್ಪತ್ತು ದಾಟಿದ ಅಜ್ಜ, ಉಬ್ಬಸವಿದ್ದ ಅಜ್ಜಿ, ಮಗ, ಸೊಸೆ, ಶಾಲೆಗೆ ಹೋಗುವ ಇಬ್ಬರು ಮಕ್ಕಳು. ಎರಡು ಹಸು, ಹತ್ತು ಹನ್ನೆರಡು ಮೇಕೆ. ಮನೆಯ ಮುಂಭಾಗದಲ್ಲಿ ಪಡಸಾಲೆ, ನಡುವೆ ದೇವರ ಮನೆ, ಹಿಂಭಾಗದಲ್ಲಿ ಅಡುಗೆ ಮನೆ ಮತ್ತು ಅದಕ್ಕೆ ಅಂಟಿಕೊಂಡ ಹತ್ತು ಅಡಿಗೆ ಹನ್ನೆರಡು ಅಡಿಯ ಒಂದು ಕೋಣೆ. ಒಲೆಯ ಕಾವು ತಾಗುವುದೆಂದು ಅಜ್ಜಿ ಮಲಗುತ್ತಿದ್ದದ್ದು ಆ ಕೋಣೆಯಲ್ಲಿ.

ಮಳೆಗೆ ಮೊದಲೇ ಈ ಮನೆಯಲ್ಲಿ ಮೂರು ದೋಷಗಳು ಸೇರಿಕೊಂಡಿದ್ದವು. ಅವು ದೋಷಗಳೆಂದು ಯಾರಿಗೂ ಅನಿಸಿರಲಿಲ್ಲ. ಒಂದು, ಹಿಂದಿನ ಓಣಿಗೆ ಎರಡು ಸಲ ಕಾಂಕ್ರೀಟ್ ರಸ್ತೆಯಾಗಿ, ಹಳೆಯದರ ಮೇಲೆಯೇ ಹೊಸದನ್ನು ಸುರಿದಿದ್ದರಿಂದ ಮನೆಯ ನೆಲ ಓಣಿಗಿಂತ ತಗ್ಗಾಗಿತ್ತು. ಓಣಿಯ ನೀರು ಹಿಂಗೋಡೆಯ ಬುಡಕ್ಕೇ ಬಂದು ನಿಲ್ಲುತ್ತಿತ್ತು. ಎರಡನೆಯದು, ಮೂರು ವರ್ಷಗಳ ಹಿಂದೆ ಮಗ ಕಷ್ಟಪಟ್ಟು ಹಣ ಕೂಡಿಸಿ ಅದೇ ಹಿಂಗೋಡೆಗೆ ಹೊರಗಡೆ ಸಿಮೆಂಟ್ ಗಾರೆ ಮಾಡಿಸಿದ್ದ. ನೋಡಲು ಚೆಂದವಾಗಿತ್ತು. ಆದರೆ ಮಣ್ಣಿನ ಗೋಡೆ ಎಳೆದುಕೊಂಡ ತೇವವನ್ನು ಗಾಳಿಗೆ ಬಿಟ್ಟು ಒಣಗಬೇಕು. ಸಿಮೆಂಟ್ ಅದಕ್ಕೆ ಅವಕಾಶ ಕೊಡುವುದಿಲ್ಲ. ಮೇಲಿನ ಬಿರುಕಿನಿಂದ ಇಳಿದ ನೀರು ಗಾರೆಯ ಹಿಂದೆ ಸಿಕ್ಕಿಕೊಂಡು ಗೋಡೆಯನ್ನು ಒಳಗೊಳಗೇ ಮೆತ್ತಗೆ ಮಾಡುತ್ತದೆ. ಮೂರನೆಯದು, ಯುಗಾದಿಗೆ ಮೊದಲು ತಂದ ಒಂದು ಟ್ರಾಕ್ಟರ್ ಕರಲು ಮಣ್ಣು. ಅರ್ಧ ಹರಡಿ, ಉಳಿದದ್ದನ್ನು ಮುಂದೆ ಬೇಕಾಗಬಹುದೆಂದು ಮಾಳಿಗೆಯ ಮೂಲೆಯಲ್ಲಿಯೇ ಗುಡ್ಡೆ ಹಾಕಿದ್ದರು. ಅಜ್ಜಿ ಮಲಗುವ ಕೋಣೆಯ ನೇರ ಮೇಲೆ.

ಮೊದಲ ಮೂರು ದಿನ

ಆ ವರ್ಷ ದೀಪಾವಳಿ ಮುಗಿದ ಮೇಲೆ ಬಂಗಾಳ ಕೊಲ್ಲಿಯಲ್ಲಿ ಮೇಲಿಂದ ಮೇಲೆ ವಾಯುಭಾರ ಕುಸಿತವಾಯಿತು. ದಕ್ಷಿಣ ಒಳನಾಡಿನಲ್ಲೆಲ್ಲ ರಾಗಿ ತೆನೆಯಲ್ಲಿಯೇ ಮೊಳಕೆ ಬಂದದ್ದು, ಕಿತ್ತ ಶೇಂಗಾ ಹೊಲದಲ್ಲಿಯೇ ಕಪ್ಪಾದದ್ದು ಓದುಗರಿಗೆ ನೆನಪಿರಬಹುದು. ಧೋ ಎಂದು ಸುರಿದು ನಿಲ್ಲುವ ಮಳೆ ನಮ್ಮವರಿಗೆ ಗೊತ್ತು. ಇದು ಹಾಗಿರಲಿಲ್ಲ. ಸೋನೆಯಂತೆ ಹಿಡಿದು, ನಡುನಡುವೆ ಜೋರಾಗಿ, ಹಗಲು ರಾತ್ರಿ ಬಿಡದೆ ಸುರಿಯಿತು. ಜೊತೆಗೆ ಕಾರ್ತಿಕದ ಚಳಿ, ಮೂಡಣ ಗಾಳಿ.

ಎರಡನೆಯ ದಿನ ಸೋರಲು ಶುರುವಾಯಿತು. ಪಾತ್ರೆ, ಬಕೆಟ್, ಕೊನೆಗೆ ಹಿಟ್ಟು ನಾದುವ ಪರಾತ ಕೂಡ ಹನಿಗಳ ಕೆಳಗೆ ಹೋದವು. ರಾಗಿ ಚೀಲಗಳನ್ನು ದೇವರ ಮನೆಗೆ ಸಾಗಿಸಿದರು. ಮೇಕೆಗಳನ್ನು ಪಡಸಾಲೆಗೆ ಕಟ್ಟಿದರು. ಮಗ ಪೇಟೆಯಿಂದ ನೀಲಿ ಟಾರ್ಪಾಲಿನ್ ತಂದು ಹಿಂದಿನ ಕೋಣೆಯ ಮೇಲೆ ಹಾಸಿ, ಅಂಚುಗಳನ್ನು ಮಾಳಿಗೆಯ ಸುತ್ತಲಿನ ಗಿಡ್ಡ ಕುಂಬಿ ಗೋಡೆಯ ಮೇಲೆ ಎಳೆದು ಕಲ್ಲು ಹೇರಿದ. ಕೆಳಗೆ ಸೋರುವುದು ತಕ್ಷಣ ನಿಂತಿತು. ಎಲ್ಲರೂ ನಿಟ್ಟುಸಿರು ಬಿಟ್ಟರು. ಬೆಳಕು ಗಾಳಿಗೆಂದು ಮಾಳಿಗೆಯಲ್ಲಿ ಬಿಟ್ಟ ಕಿಂಡಿಯಾದ ಗವಾಕ್ಷಿಯಿಂದಲೂ ನೀರು ಬರುತ್ತಿದ್ದರಿಂದ ಅದರ ಮೇಲೂ ಪ್ಲಾಸ್ಟಿಕ್ ಹೊದಿಸಿ ಬಿಗಿಯಾಗಿ ಕಟ್ಟಿದರು.

ಈ ಎರಡು ಕೆಲಸಗಳೂ ಮುಂದೆ ತಿರುಗಿ ಬಿದ್ದವು. ಗವಾಕ್ಷಿಯದೇ ಮೊದಲು. ಆ ರಾತ್ರಿ ಚಳಿಗೆಂದು ಕೋಣೆಯಲ್ಲಿ ಬಾಂಡ್ಲಿಯಲ್ಲಿ ಕೆಂಡ ಇಟ್ಟು, ಬಾಗಿಲು ಹಾಕಿಕೊಂಡು ಅಜ್ಜಿ ಮತ್ತು ಮಕ್ಕಳು ಮಲಗಿದರು. ಬೆಳಗಿನ ಜಾವ ಚಿಕ್ಕ ಹುಡುಗಿ ತಲೆನೋವೆಂದು ಅಳುತ್ತಾ ಎದ್ದು ವಾಂತಿ ಮಾಡಿಕೊಂಡಳು. ಅಜ್ಜಿಗೆ ಎದ್ದು ಕೂರಲು ಆಗಲಿಲ್ಲ. ಸೊಸೆ ಬಾಗಿಲು ತೆರೆದಾಗ ಕೋಣೆಯ ಗಾಳಿ ಭಾರವಾಗಿತ್ತು, ಹೊಗೆ ಮಾತ್ರ ಕಾಣಲಿಲ್ಲ. ಇಂಗಾಲದ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಹೊಗೆ ಇಲ್ಲದ ಕೆಂಡದಿಂದಲೇ ಅದು ಬರುವುದರಿಂದ ‘ಕೆಂಡ ಒಳ್ಳೆಯದು, ಹೊಗೆ ಬರುವುದಿಲ್ಲ’ ಎಂಬ ನಂಬಿಕೆ ಜೀವಕ್ಕೆ ಎರವಾಗುತ್ತದೆ. ಹೊರಗಿನ ಗಾಳಿಗೆ ಕರೆತಂದ ಮೇಲೆ ಇಬ್ಬರೂ ಸುಧಾರಿಸಿಕೊಂಡರು. ಸೊಸೆ ಗವಾಕ್ಷಿಯ ಪ್ಲಾಸ್ಟಿಕ್ಕನ್ನು ಕುಡುಗೋಲಿನಿಂದ ಹರಿದು ಹಾಕಿದಳು. ನೀರು ಬಂದರೆ ಬರಲಿ ಎಂದಳಂತೆ. ಆ ದಿನದಿಂದ ಬೆಚ್ಚಗಿರಲು ಕಂಬಳಿ ಮಾತ್ರ. ಚಳ್ಳಕೆರೆ ಕಡೆಯ ಕರಿ ಕಂಬಳಿ ನೆನೆದರೂ ಮೈಗೆ ಬಿಸಿ ಉಳಿಸುತ್ತದೆ. ಹತ್ತಿಯ ರಗ್ಗು ನೆನೆದರೆ ಚಳಿಯನ್ನು ಹೆಚ್ಚಿಸುತ್ತದೆ. ಅಜ್ಜ ಬಲು ಹಿಂದಿನಿಂದ ಹೇಳುತ್ತಿದ್ದ ಮಾತು ಇದು, ಆ ವಾರ ಮನೆಯವರಿಗೆಲ್ಲ ಮನದಟ್ಟಾಯಿತು.

ಮೂರನೆಯ ದಿನ ಸಂಜೆ ಸೊಸೆಯ ಕಣ್ಣಿಗೆ ಬಿದ್ದದ್ದು ಬೇರೆ. ಅಜ್ಜಿಯ ಹಾಸಿಗೆಯ ಮೇಲೆ ನುಣ್ಣನೆಯ ಮಸಿ ಬಿದ್ದಿತ್ತು. ಗುಡಿಸಿದಳು; ಗಳಿಗೆ ಬಿಟ್ಟು ನೋಡಿದರೆ ಮತ್ತೆ ಬಿದ್ದಿತ್ತು. ಎಷ್ಟೋ ವರ್ಷಗಳ ಅಡುಗೆ ಹೊಗೆ ಹಿಡಿದ ಜಂತೆಗಳ ಮಸಿ ಅದು. ಜಂತೆ ಅಲುಗದೆ ಮಸಿ ಉದುರುವುದಿಲ್ಲ. ದೀಪ ಎತ್ತಿ ಹಿಡಿದು ನೋಡಿದಾಗ ತೊಲೆ ಗೋಡೆಗೆ ಕೂರುವ ಜಾಗದಿಂದ ಕೆಳಗೆ ಕೂದಲೆಳೆಯಂಥ ಬಿರುಕು ಕಂಡಿತು. ಅವಳು ಒಲೆಯಿಂದ ಒಂದು ಇದ್ದಿಲು ತಂದು, ಬಿರುಕಿಗೆ ಅಡ್ಡಲಾಗಿ ಮೂರು ಕಡೆ ಗೆರೆ ಎಳೆದಳು. ಬೆಂಕಿಕಡ್ಡಿ ತೂರಿಸಿ ನೋಡಿದಳು, ತೂರಲಿಲ್ಲ. ಮರುದಿನ ಬೆಳಿಗ್ಗೆ ಒಂದು ಕಡ್ಡಿ ಸಲೀಸಾಗಿ ಹೋಯಿತು. ಮಧ್ಯಾಹ್ನ ಎರಡು ಕಡ್ಡಿ ಜೊತೆಯಾಗಿ ಹೋದವು, ಇದ್ದಿಲಿನ ಗೆರೆ ನಡುವೆ ತುಂಡಾಗಿ ಒಂದು ಬದಿ ಅಕ್ಕಿಕಾಳಿನಷ್ಟು ಕೆಳಗೆ ಇಳಿದಿತ್ತು. ಬಿರುಕು ಬೆಳೆಯುತ್ತಿದೆಯೇ ಎಂದು ತಿಳಿಯಲು ನಾವು ಎಂಜಿನಿಯರುಗಳು ಗಾಜಿನ ಪಟ್ಟಿ ಅಂಟಿಸಿ ಮಾಡುವ ಪರೀಕ್ಷೆಯನ್ನೇ, ಯಾರೂ ಹೇಳಿಕೊಡದೆ, ಏಳನೆಯ ತರಗತಿ ಓದಿದ ಆ ಹೆಣ್ಣುಮಗಳು ಮಾಡಿದ್ದಳು.

ಒಂದು ದೂರವಾಣಿ ಕರೆ

ನಾಲ್ಕನೆಯ ದಿನ ಅಜ್ಜ ಒಂದು ತೀರ್ಮಾನಕ್ಕೆ ಬಂದಿದ್ದರು. ಟಾರ್ಪಾಲಿನ್ ತೆಗೆದು, ಮೂಲೆಯ ಕರಲು ಮಣ್ಣನ್ನು ಇಡೀ ಮಾಳಿಗೆಗೆ ಹರಡುವುದು. ಅವರ ಜೀವಮಾನದ ಅನುಭವ ಅದನ್ನೇ ಹೇಳುತ್ತಿತ್ತು, ಅದು ಸುಳ್ಳು ಅನುಭವವೂ ಅಲ್ಲ. ಒಂದು ದಿನ ಮಳೆ ಬಂದು ನಾಲ್ಕು ದಿನ ಬಿಸಿಲು ಕಾಯುವ ಕಾಲಕ್ಕೆ ಅದೇ ಸರಿಯಾದ ಮದ್ದು. ಎಡೆಬಿಡದ ಮಳೆಯಲ್ಲಿ ಹಾಕಿದ ಕರಲು ಕೂರುವುದಿಲ್ಲ, ಕೆಸರಾಗುತ್ತದೆ, ಭಾರ ಮಾತ್ರ ಉಳಿಯುತ್ತದೆ. ಹತ್ತು ಅಡಿಗೆ ಹನ್ನೆರಡು ಅಡಿಯ ಕೋಣೆಯ ಮೇಲೆ ಒಂದೇ ಒಂದು ಅಂಗುಲ ಒದ್ದೆ ಮಣ್ಣು ಹರಡಿದರೂ ಅರ್ಧ ಟನ್ನಿಗೂ ಹೆಚ್ಚು ತೂಕ ಏರುತ್ತದೆ.

ಸೊಸೆ ತನ್ನ ಮೈದುನನಿಗೆ ಕರೆ ಮಾಡಿದಳು. ಅಜ್ಜನ ತಮ್ಮನ ಮಗ, ಸೇನೆಯಿಂದ ನಿವೃತ್ತನಾಗಿ ಚಿತ್ರದುರ್ಗದಲ್ಲಿ ನೆಲೆಸಿದವನು. ಹಿಮಾಚಲದ ಲಾಹೌಲ್ ಕಡೆ ಎರಡು ಚಳಿಗಾಲ ಕಳೆದಿದ್ದ. 2020ರ ಅಕ್ಟೋಬರ್‌ನಲ್ಲಿ ಅಟಲ್ ಸುರಂಗ ತೆರೆಯುವವರೆಗೆ, ರೋಹ್ತಾಂಗ್ ಕಣಿವೆದಾರಿ ಹಿಮದಲ್ಲಿ ಮುಚ್ಚಿದರೆ ತಿಂಗಳುಗಟ್ಟಲೆ ಹೊರಗಿನ ಸಂಪರ್ಕವೇ ಇಲ್ಲದ ಸೀಮೆ ಅದು. ಅಲ್ಲಿನ ಹಳೆಯ ಮನೆಗಳೂ ನಮ್ಮಂತೆಯೇ ಮರದ ತೊಲೆ, ಸಪಾಟು ಮಣ್ಣಿನ ಮಾಳಿಗೆಯವು. ಹೊಸ ಹಿಮ ಹತ್ತಿಯಂತೆ ಹಗುರ, ಒಂದು ಘನ ಮೀಟರಿಗೆ ನೂರು ಕಿಲೋ ಸುಮಾರು. ಅದೇ ಹಿಮ ಕುಸಿದು, ನೀರು ಕುಡಿದು ಗಟ್ಟಿಯಾದರೆ ಮೂರು ನಾಲ್ಕು ಪಟ್ಟು ತೂಗುತ್ತದೆ. ಅದಕ್ಕೇ ಅಲ್ಲಿಯವರು ಹಿಮ ಬೀಳುವುದು ಪೂರ್ತಿ ನಿಲ್ಲಲೆಂದು ಕಾಯುವುದಿಲ್ಲ. ನಡುನಡುವೆಯೇ ಮೇಲೆ ಹತ್ತಿ ಮರದ ಸಲಿಕೆಗಳಿಂದ ಕೆಳಗೆ ತಳ್ಳುತ್ತಾರೆ. ಅತ್ತಿಗೆ ಬೆಂಕಿಕಡ್ಡಿಯ ಲೆಕ್ಕ ಹೇಳುತ್ತಿದ್ದಂತೆ ಅವನಿಗೆ ನೆನಪಾದದ್ದು ಆ ಸಲಿಕೆಗಳು.

“ದೊಡ್ಡಪ್ಪಾ, ಮಣ್ಣು ಏರಿಸಬೇಡಿ. ಇಳಿಸಿ” ಎಂದ.

“ಐವತ್ತು ವರ್ಷ ಈ ಮಾಳಿಗೆಗೆ ಮಣ್ಣು ಹೊತ್ತಿದ್ದೇನೆ. ಸೋರುವಾಗ ಮಣ್ಣು ಇಳಿಸು ಎಂದವರನ್ನು ಕಾಣೆ” ಎಂದರು ಅಜ್ಜ.

“ಸೋರಿದರೆ ನೆನೆಯುತ್ತೀರಿ, ಅಷ್ಟೇ. ಒರೆಸಿಕೊಳ್ಳಬಹುದು. ತೊಲೆ ಜಾರಿದರೆ ದೊಡ್ಡಮ್ಮ ಅದರ ಕೆಳಗೆ ಇದ್ದಾರೆ.”

ಅಜ್ಜ ಫೋನನ್ನು ಸೊಸೆಯ ಕೈಗೆ ಕೊಟ್ಟು ಸುಮ್ಮನೆ ಕುಳಿತರು. ಬೇಡ ಎನ್ನಲಿಲ್ಲ. ಅವರ ಒಪ್ಪಿಗೆ ಸಿಕ್ಕಿದ್ದು ಹಾಗೆ.

ಆ ಮೈದುನ ನನಗೂ ಫೋನ್ ಮಾಡಿದ. ಇಬ್ಬರೂ ಹಳ್ಳಿ ತಲುಪಿದಾಗ ಮಧ್ಯಾಹ್ನ ಮೂರು ಗಂಟೆ. ಏಣಿ ಹತ್ತಿ ನೋಡಿದೆ. ಕುಂಬಿಯ ಮೇಲೆ ಎಳೆದು ಕಟ್ಟಿದ ಟಾರ್ಪಾಲಿನ್ ದೋಣಿಯ ಬಾಯನ್ನು ಪೂರ್ತಿ ಮುಚ್ಚಿತ್ತು. ನೀಲಿ ಹಾಳೆಯ ಮೇಲೆ ನಾಲ್ಕು ಅಂಗುಲ ನೀರು ಕೆರೆಯಂತೆ ನಿಂತಿತ್ತು. ಆ ಕೋಣೆಯ ಮೇಲೆ ಅಷ್ಟು ನೀರೆಂದರೆ ಒಂದು ಟನ್ನಿಗಿಂತ ಹೆಚ್ಚು. ಅದರ ಪಕ್ಕದಲ್ಲಿ ನೆನೆದು ಊದಿದ ಮಣ್ಣಿನ ಗುಡ್ಡೆ. ಕೆಳಗೆ ಸೋರದಿದ್ದುದರಿಂದ ಯಾರಿಗೂ ಮೇಲೆ ಹತ್ತಿ ನೋಡಬೇಕೆಂದು ತೋಚಿರಲಿಲ್ಲ.

ನಾಲ್ಕನೆಯ ಸಂಜೆಯ ಕೆಲಸ

ಮೊದಲು ಕೋಣೆ ಖಾಲಿ ಮಾಡಿಸಿದೆವು. ಅಜ್ಜಿ ಮತ್ತು ಮಕ್ಕಳನ್ನು ಅದೇ ಬೀದಿಯ ನೆಂಟರ ಆರ್‌ಸಿಸಿ ಮನೆಗೆ ಕಳಿಸಿದೆವು. ಹಿಂಗೋಡೆಯ ಮೇಲಿದ್ದ ಸ್ವಿಚ್ ಬೋರ್ಡ್ ಒದ್ದೆಯಾಗಿತ್ತು, ಮೀಟರಿನ ಬಳಿ ಮೇನ್ ಸ್ವಿಚ್ ಆರಿಸಿದೆವು. ನಂತರ ಟಾರ್ಪಾಲಿನ್ನಿನ ದೋಣಿ ಕಡೆಯ ಅಂಚನ್ನು ಕತ್ತರಿಸಿದೆ. ಹತ್ತು ನಿಮಿಷ ನೀರು ಭೋರೆಂದು ಹೊರಗೆ ಧುಮುಕಿತು.

ಮಣ್ಣು ಇಳಿಸಲು ಊರಿನ ಹುಡುಗರು ಎಂಟು ಹತ್ತು ಜನ ಕಂಬಳಿ ಕೊಪ್ಪೆ ಹಾಕಿಕೊಂಡು ಬಂದರು. ಎಲ್ಲರೂ ಮೇಲೆ ಹತ್ತಲು ಸಿದ್ಧರಿದ್ದರು. ಇಬ್ಬರಿಗಿಂತ ಹೆಚ್ಚು ಜನ ಹತ್ತಬಾರದು, ಹತ್ತಿದವರೂ ಗೋಡೆಯ ನೇರದಲ್ಲಿಯೇ ಕಾಲಿಡಬೇಕು ಎಂದೆ. ಸಹಾಯಕ್ಕೆ ಬಂದವರ ತೂಕವೇ ಮನೆಯನ್ನು ಕೆಡವಿದ ಉದಾಹರಣೆಗಳು ನನ್ನ ಕಣ್ಣ ಮುಂದಿದ್ದವು. ಉಳಿದವರು ಏಣಿಯ ಮೇಲೆ ಸಾಲಾಗಿ ನಿಂತು ಮಣ್ಣಿನ ಬುಟ್ಟಿಗಳನ್ನು, ನಮ್ಮ ಮಾತಿನಲ್ಲಿ ಪುಟ್ಟಿಗಳನ್ನು, ಕೈ ಬದಲಿಸಿದರು. ಮೊದಲ ಏಳೆಂಟು ಪುಟ್ಟಿ ಮಣ್ಣನ್ನು ಹತ್ತಿರವೆಂದು ಹಿಂಗೋಡೆಯ ಬುಡಕ್ಕೇ ಸುರಿದುಬಿಟ್ಟೆವು. ಅದು ನನ್ನ ತಪ್ಪು, ಕೂಡಲೇ ಗಮನಿಸಲಿಲ್ಲ. ಮಣ್ಣು ಅಡ್ಡವಾಗಿ ಓಣಿಯ ನೀರು ಗೋಡೆಗೆ ಒತ್ತಿ ನಿಂತಾಗ ಅಜ್ಜನೇ ಸಲಿಕೆ ಹಿಡಿದು ಬಂದು, “ನೀರಿಗೆ ದಾರಿ ಬಿಡಿಸಿ ಮೊದಲು” ಎಂದು ಕಾಲುವೆ ತೋಡತೊಡಗಿದರು. ಬೆಳಗಿನಿಂದ ಮಾತಾಡದೆ ಕುಳಿತಿದ್ದ ಹಿರಿಯರು ಆಮೇಲೆ ರಾತ್ರಿಯವರೆಗೆ ಸಲಿಕೆ ಕೆಳಗಿಡಲಿಲ್ಲ.

ತೊಲೆಗೆ ಊರೆ ಕೊಡುವ, ಅಂದರೆ ಕೆಳಗಿನಿಂದ ಕಂಬದ ಆಸರೆ ನಿಲ್ಲಿಸುವ ಕೆಲಸವನ್ನು ಊರಿನ ಬಡಗಿ ಆಚಾರರು ಮಾಡಿದರು. ಕಟ್ಟಡ ಕೆಲಸಕ್ಕೆ ಇಟ್ಟಿದ್ದ ನೀಲಗಿರಿ ಗಳಗಳು ಸಿಕ್ಕವು. ನೆಲ ಒದ್ದೆ ಮಣ್ಣಿನದು. ಗಳವನ್ನು ನೇರವಾಗಿ ನಿಲ್ಲಿಸಿದರೆ ಭಾರ ಬಿದ್ದಾಗ ಕೆಳಗೆ ಹೂತುಹೋಗುತ್ತದೆ. ಬಟ್ಟೆ ಒಗೆಯುವ ಚಪ್ಪಡಿ ಕಲ್ಲನ್ನು ಎಳೆದು ತಂದು ಅಡಿಗೆ ಹಾಕಿದೆವು. ಜಂತೆಗಳಿಗೆ ಕೊಡದೆ ತೊಲೆಗೇ ಕೊಟ್ಟೆವು, ಗೋಡೆಯಿಂದ ಒಂದೂವರೆ ಅಡಿ ಈಚೆಗೆ, ಎರಡು ಕಡೆ. ಬೆಣೆ ಹೊಡೆಯುವಾಗ ಆಚಾರರು ಪ್ರತಿ ಪೆಟ್ಟಿಗೂ ನಿಲ್ಲಿಸಿ ತೊಲೆಗೆ ಕಿವಿಗೊಡುತ್ತಿದ್ದರು. ಎತ್ತಲು ಹೋಗಬಾರದು, ತಾಗಿ ನಿಂತರೆ ಸಾಕು ಎಂದರು. ಬಿಗಿಯಾಗಿ ಎತ್ತಿದ್ದರೆ ತೊಲೆಯ ಇನ್ನೊಂದು ತುದಿ ಗೋಡೆಯನ್ನು ಸೀಳುತ್ತಿತ್ತು.

ಅಂದು ರಾತ್ರಿ ಅಜ್ಜ ಮನೆ ಬಿಟ್ಟು ಬರಲು ಒಪ್ಪಲಿಲ್ಲ. ದೇವರ ದೀಪ ಇರುವ ಮನೆಯನ್ನು ಖಾಲಿ ಬಿಡುವುದು ಅವರಿಗೆ ಸಾಧ್ಯವಿರಲಿಲ್ಲ. ವಾದ ಮಾಡಿ ಪ್ರಯೋಜನವಿರಲಿಲ್ಲ. ಹಿಂದಿನ ಕೋಣೆ ಮತ್ತು ಅಡುಗೆ ಮನೆಗೆ ಹೋಗುವ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿ, ಪಡಸಾಲೆಯಲ್ಲಿ ತಲೆಬಾಗಿಲ ಹತ್ತಿರ ಮಾತ್ರ ಮಲಗಬೇಕು ಎಂಬ ಒಪ್ಪಂದವಾಯಿತು. ಹಸುಗಳ ಹಗ್ಗ ಬಿಚ್ಚಿ ಬಿಟ್ಟೆವು. ಮಗ ಅಪ್ಪನ ಜೊತೆಗೆ ಉಳಿದ.

ಐದನೆಯ ದಿನ ಮಳೆ ಮುಂದುವರಿಯಿತು. ಬಿರುಕಿನಲ್ಲಿ ಅದೇ ಎರಡು ಕಡ್ಡಿ, ಮೂರನೆಯದು ಹೋಗಲಿಲ್ಲ. ಆರನೆಯ ದಿನದ ಬೆಳಗಿನ ಜಾವ ನಾಲ್ಕರ ಸುಮಾರಿಗೆ ಸಿಮೆಂಟ್ ಗಾರೆ ಹಾಳೆಯಂತೆ ಕಳಚಿ, ಅದರ ಹಿಂದೆಯೇ ಹಿಂಗೋಡೆಯ ಮೇಲಿನ ಅರ್ಧ ಓಣಿಯ ಕಡೆಗೆ ಮಗುಚಿತು. ಮಾಳಿಗೆ ಬೀಳಲಿಲ್ಲ. ತೊಲೆ ಎರಡು ಗಳಗಳ ಮೇಲೆ ನಿಂತಿತ್ತು, ಜಂತೆಗಳು ಸಾಲಾಗಿ ಹಾಗೆಯೇ ಇದ್ದವು, ಕೆಳಗೆ ಅಜ್ಜಿಯ ಹಾಸಿಗೆಯ ಜಾಗದಲ್ಲಿ ಗೋಡೆಯ ಒಳಗಡೆಯ ಹೆಂಟೆಗಳು ರಾಶಿ ಬಿದ್ದಿದ್ದವು. ಒಂದು ಮೇಕೆಮರಿ ಚಳಿಗೆ ಸತ್ತಿತು, ಎರಡು ಗುಡಾಣ ಒಡೆದವು. ಮನುಷ್ಯರಿಗೆ ಏನೂ ಆಗಲಿಲ್ಲ.

ಆ ನಂತರ

ಆ ವರ್ಷಗಳಲ್ಲಿ ಪೂರ್ತಿ ಕುಸಿದ ಮನೆಗೆ 5 ಲಕ್ಷ ರೂಪಾಯಿ, ಭಾಗಶಃ ಹಾನಿಗೆ 50 ಸಾವಿರ ಪರಿಹಾರವಿತ್ತು. ಈ ಮನೆ ಭಾಗಶಃ ಹಾನಿಯ ಪಟ್ಟಿಗೆ ಸೇರಿತು. ಊರೆ ಕೊಡದೆ ಬಿದ್ದು ಹೋಗಲು ಬಿಟ್ಟಿದ್ದರೆ ಹೆಚ್ಚು ಹಣ ಬರುತ್ತಿತ್ತಲ್ಲ ಎಂದು ಊರಿನಲ್ಲಿ ಒಬ್ಬರು ಆಡಿದರು. ಅಜ್ಜಿ ಅಲ್ಲಿಯೇ ಕುಳಿತಿದ್ದರು. ಆ ಮಾತು ನನಗೆ ಇಂದಿಗೂ ಹೊಟ್ಟೆಯಲ್ಲಿ ಸಂಕಟ ತರುತ್ತದೆ. ನಿಯಮ ಹಾಗಿರುವಾಗ ಬಡವರ ಬಾಯಲ್ಲಿ ಆ ಲೆಕ್ಕ ಬರುವುದು ಸಹಜ. ಉಳಿಸಿಕೊಂಡವರಿಗೆ ದುರಸ್ತಿಗೆ ಸಾಲುವಷ್ಟು ಸಿಗುವಂತಾದರೆ ಜನ ಊರೆ ಕೊಡಲು ಹಿಂಜರಿಯುವುದಿಲ್ಲ.

ಗೋಡೆಯನ್ನು ಕೂಡಲೇ ಕಟ್ಟಲು ನಾನು ಬಿಡಲಿಲ್ಲ. ಉಳಿದ ಗೋಡೆಗಳ ಗಾರೆಯನ್ನೂ ಕೆತ್ತಿಸಿ ಸಂಕ್ರಾಂತಿ ಕಳೆಯುವವರೆಗೆ ಗಾಳಿಗೆ ಒಣಗಲು ಬಿಟ್ಟೆವು. ಆ ಎರಡು ತಿಂಗಳು ಅವರಿಗೆ ಬಹಳ ತೊಂದರೆಯಾಯಿತು, ನನ್ನ ಮೇಲೆ ಮಗ ಒಂದೆರಡು ಸಲ ರೇಗಿದ್ದೂ ಉಂಟು. ಬಿದ್ದ ಭಾಗವನ್ನು ಕಲ್ಲು ಮತ್ತು ಮಣ್ಣಿನಿಂದಲೇ ಕಟ್ಟಿ ಸುಣ್ಣದ ಗಾರೆ ಹಿಡಿಸಿದೆವು. ಕಲ್ಲಿನ ಭಾಗವನ್ನು ಈ ಸಲ ಓಣಿಯ ಮಟ್ಟಕ್ಕಿಂತ ಎರಡು ಅಡಿ ಮೇಲಕ್ಕೆ ಒಯ್ದೆವು.

ಮಾಳಿಗೆಯನ್ನು ಅಗೆದಾಗ ಸಿಕ್ಕ ಲೆಕ್ಕ ನನ್ನನ್ನು ದಂಗುಬಡಿಸಿತು. ಕೋಣೆಯ ಮೇಲೆ ಮಣ್ಣು ಎರಡು ಅಡಿಗೆ ನಾಲ್ಕು ಬೆರಳು ಕಡಿಮೆ. ಅಡ್ಡ ಕತ್ತರಿಸಿದ ಅಂಚಿನಲ್ಲಿ ಪದರಗಳು ಎಣಿಸುವಂತಿದ್ದವು: ಕೆಂಪು, ಬೂದು, ಬಿಳಿಚು, ಮತ್ತೆ ಬೂದು. ಕಟ್ಟಿದಾಗ ಒಂದು ಅಡಿ ಇದ್ದಿರಬೇಕು. ಮೇಲಿನದೆಲ್ಲ ವರ್ಷ ವರ್ಷವೂ ಪ್ರೀತಿಯಿಂದ ಹೊತ್ತು ಹಾಕಿದ ಕರಲು. ತೆಗೆದವರಿಲ್ಲ, ಹಾಕಿದವರೇ ಎಲ್ಲ. ಅಜ್ಜ ಆ ಅಂಚನ್ನು ಬೆರಳಿನಿಂದ ಸವರುತ್ತಾ, ಇದು ನನ್ನ ಮದುವೆಯ ವರ್ಷದ್ದಿರಬಹುದು, ಇದು ಅಪ್ಪ ತೀರಿಕೊಂಡ ವರ್ಷದ್ದಿರಬಹುದು ಎಂದು ಮೆಲ್ಲನೆ ಹೇಳಿದರು. ಮುಕ್ಕಾಲು ಅಡಿ ಉಳಿಸಿ ಮಿಕ್ಕಿದ್ದನ್ನು ಇಳಿಸಿದೆವು. ಹನ್ನೊಂದು ಟ್ರಾಕ್ಟರ್ ಮಣ್ಣು ಹೋಯಿತು, ಇಡೀ ಮನೆಯದು ಸೇರಿ.

ಮರುವರ್ಷ ಇನ್ನೂ ದೊಡ್ಡ ಮಳೆ. 2022ರ ಸೆಪ್ಟೆಂಬರ್‌ನಲ್ಲಿ ವಾಣಿವಿಲಾಸ ಸಾಗರ ಜಲಾಶಯ 1933ರ ನಂತರ ಮೊದಲ ಬಾರಿಗೆ ಕೋಡಿ ಬಿದ್ದು, ಜಿಲ್ಲೆಯ ಜನವೆಲ್ಲ ನೋಡಲು ಹೋದ ವರ್ಷ ಅದು. ನಾನು ಕೋಡಿ ನೋಡಲು ಹೋಗದೆ ಆ ಹಳ್ಳಿಗೆ ಹೋದೆ. ಪಡಸಾಲೆಯಲ್ಲಿ ಒಂದು ಕಡೆ, ದೇವರ ಮನೆಯಲ್ಲಿ ಒಂದು ಕಡೆ ಸೋರುತ್ತಿತ್ತು, ಕೆಳಗೆ ಬಕೆಟ್ ಇಟ್ಟಿದ್ದರು. ಬಿರುಕು ಎಲ್ಲಿಯೂ ಇರಲಿಲ್ಲ. ಓಣಿಯ ನೀರಿನ ಸಮಸ್ಯೆ ಪೂರ್ತಿ ಬಗೆಹರಿದಿಲ್ಲ. ಚರಂಡಿಗೆ ಅರ್ಜಿ ಕೊಟ್ಟಿದ್ದಾರೆ, ಸದ್ಯಕ್ಕೆ ಅಜ್ಜ ತೋಡಿದ ಕಾಲುವೆಯೇ ಗತಿ. ಪ್ರತಿ ಮಳೆಗೆ ಮೊದಲು ಅದರ ಹೂಳು ಎತ್ತುತ್ತಾರೆ.

ಈಚೆಗೆ ಯುಗಾದಿಯ ಹೊತ್ತಿಗೆ ಹೋಗಿದ್ದೆ. ಮಾಳಿಗೆಯ ಮೇಲೆ ಅಜ್ಜ ಮೊಮ್ಮಗನ ಕೈಗೆ ಗುದ್ದಲಿ ಕೊಟ್ಟು ಹಳೆಯ ಕರಲನ್ನು ಕೆರೆಸುತ್ತಿದ್ದರು. ಏಣಿಯ ಬುಡದಲ್ಲಿ ಹೊಸ ಕರಲಿನ ಪುಟ್ಟಿಗಳು ಸಾಲಾಗಿ ಕಾಯುತ್ತಿದ್ದವು. ಕೆಳಗಿಳಿದ ಪುಟ್ಟಿಗಳನ್ನು ಸೊಸೆ ಎಣಿಸುತ್ತಿದ್ದಳು. ಅಷ್ಟೇ ಪುಟ್ಟಿಗಳನ್ನು ಮೇಲೆ ಹತ್ತಿಸುತ್ತಿದ್ದಳು.